ಊರು ಕುಗ್ಗಿದ ವರ್ಷ

ನಮ್ಮ ಸಂಘದ ಹೆಸರಿನ ನಡುವೆ 'ಸಂಶೋಧನೆ' ಎಂಬ ಪದವಿತ್ತು. ಊರವರು ಅದನ್ನು ಮೊದಲ ದಿನವೇ ಕಿತ್ತುಹಾಕಿ 'ಮೂಳೆ ಸಂಘ' ಅಂದರು. ನಾವು ಹೋದಾಗಲೆಲ್ಲ ಯಾರಾದರೂ ಒಬ್ಬರು, "ಮೂಳೆ ಸಂಘದೋರು ಬಂದವ್ರೆ, ಕಾಲ್ ಸೂಪ್ ಇಡ್ರಮ್ಮ" ಎನ್ನುತ್ತಿದ್ದರು. ನಾಲ್ಕನೇ ವರ್ಷಕ್ಕೂ ಆ ಮಾತಿಗೆ ನಗುವವರು ಇದ್ದರು. ನಾನೂ ನಗುತ್ತಿದ್ದೆ ಎಂದು ಬರೆಯಬಹುದು. ನಕ್ಕೆನೋ, ಬರೀ ಹಲ್ಲು ತೋರಿಸಿದೆನೋ, ಈಗ ಹೇಳಲಾರೆ.

ಸಂಘ ಅಂದರೆ ದೊಡ್ಡಬಳ್ಳಾಪುರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆ, ಒಂದು ಬೀರು, ಐದು ಜನ. ಐವರಲ್ಲಿ ಮೂವರು ವಾರ್ಷಿಕ ಸಭೆಗೆ ಬಂದು ಖಾರಾ ಮಂಡಕ್ಕಿ ತಿಂದು ಹೋಗುತ್ತಿದ್ದರು. ಕೆಲಸ ಮಾಡುತ್ತಿದ್ದವರು ಇಬ್ಬರು, ಮೂಳೆ ಡಾಕ್ಟರಮ್ಮ ಮತ್ತು ನಾನು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು, ಯಾರೂ ಕೊನೆಯವರೆಗೆ ಓದದ ಕೆಲವು ಕಥೆಗಳನ್ನು ಬರೆದವನು. "ನಿಮ್ಮ ಕಥೆ ನಂಗೆ ಅರ್ಥ ಆಗಲ್ಲ ಮೇಷ್ಟ್ರೇ, ಆದ್ರೆ ನಿಮ್ಮ ಅಂಕಿ ದುಂಡಗಿದೆ" ಎಂದು ಡಾಕ್ಟರಮ್ಮ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟಿದ್ದರು.

ಕೆಲಸ ಕೇಳಲು ಸುಲಭ. ವರ್ಷಕ್ಕೊಂದು ಸಲ, ಯುಗಾದಿ ಕಳೆದ ವಾರ, ದೊಡ್ಡಬೆಳವಂಗಲದ ಆಚೆಗಿನ ಒಂದು ಹಳ್ಳಿಗೆ ಹೋಗುವುದು. ಶಾಲೆಯ ಜಗುಲಿಯಲ್ಲಿ ಎತ್ತರ ಅಳೆಯುವ ಕೋಲು ನಿಲ್ಲಿಸುವುದು. ಊರಿನ ವಯಸ್ಸಾದ ಹೆಂಗಸರನ್ನು ಒಬ್ಬೊಬ್ಬರಾಗಿ ಅಳೆದು, ಹೋದ ವರ್ಷದ ಅಳತೆಯ ಪಕ್ಕದಲ್ಲಿ ಬರೆಯುವುದು. ಬೆಳಿಗ್ಗೆಯೇ ಅಳೆಯಬೇಕು, ಯಾಕೆಂದರೆ ಸಂಜೆಯ ಹೊತ್ತಿಗೆ ಮನುಷ್ಯ ಸ್ವಲ್ಪ ಇಳಿದಿರುತ್ತಾನೆ. ಚಪ್ಪಲಿ ಬಿಡಬೇಕು, ತುರುಬು ಬಿಚ್ಚಬೇಕು, ಹಿಮ್ಮಡಿ ಗೋಡೆಗೆ ತಾಗಬೇಕು.

ವಯಸ್ಸಾದ ಹೆಂಗಸರ ಬೆನ್ನಿನ ಮೂಳೆ ಸದ್ದಿಲ್ಲದೆ ಮುರಿಯುತ್ತದೆ. ಬಿದ್ದಿರಬೇಕು ಅಂತಿಲ್ಲ. ಒಂದು ಕೊಡ ಎತ್ತಿದಾಗಲೋ, ಒಂದು ಸಲ ಕೆಮ್ಮಿದಾಗಲೋ ಟೊಳ್ಳಾದ ಮೂಳೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಅವರು 'ಸೊಂಟ ಹಿಡ್ಕೊಂಡಿದೆ' ಎಂದು ಬೇವಿನೆಣ್ಣೆ ಹಚ್ಚಿಕೊಂಡು ಮತ್ತೆ ಕೊಡ ಎತ್ತುತ್ತಾರೆ. ಮುಂದೊಂದು ದಿನ ತೊಡೆಯ ಮೂಳೆ ಮುರಿದು ಮಲಗುತ್ತಾರೆ. ಅಷ್ಟರೊಳಗೆ ಒಂದೇ ಒಂದು ಸುಳಿವು ಸಿಗುತ್ತದೆ, ಎತ್ತರ. ಒಂದು ವರ್ಷದಲ್ಲಿ ಬೆರಳಗಲಕ್ಕಿಂತ ಹೆಚ್ಚು ಇಳಿದವರನ್ನು ಹಿಡಿದು ಎಕ್ಸ್‌ರೇ ತೆಗೆಸಬೇಕು. ಮಲಗುವ ಮೊದಲೇ ಅವರನ್ನು ಹುಡುಕುವುದು ನಮ್ಮ ಸಂಘದ ಕೆಲಸ, ಉಳಿದದ್ದೆಲ್ಲ ಮಂಡಕ್ಕಿ.

ಕೊರೊನಾ ಬಂದ ವರ್ಷ, ಯುಗಾದಿಯ ದಿನವೇ ದೇಶ ಬಾಗಿಲು ಹಾಕಿಕೊಂಡಿತು ಎಂದು ನನ್ನ ನೆನಪು ಹೇಳುತ್ತದೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ನೆನಪುಗಳನ್ನು ನಾನು ನಂಬುವುದಿಲ್ಲ. ಎದ್ದುಹೋಗಿ ಹಳೆಯ ಕ್ಯಾಲೆಂಡರ್ ನೋಡಿದೆ. ನಿಜವೇ. ಕೆಲವೊಮ್ಮೆ ಜಗತ್ತೂ ಕೆಟ್ಟ ಕಥೆಗಾರನ ಹಾಗೆ ನಡೆದುಕೊಳ್ಳುತ್ತದೆ.

ಆ ವಾರ ಡಾಕ್ಟರಮ್ಮ ಫೋನ್ ಮಾಡಿದರು. ಇದನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ "ಹೇಗಾದರೂ ಅಳೆಯೋಣ" ಎಂದದ್ದು ನಾನೇ ಆಗಿರುತ್ತೇನೆ. ಸುಳ್ಳು. ನಾನು ಹೇಳಿದ್ದು, "ಈ ವರ್ಷ ಬಿಟ್ಬಿಡೋಣ, ಮುಂದಿನ ವರ್ಷ ನೋಡಿಕೊಂಡ್ರಾಯ್ತು" ಎಂದು.

"ಈ ವರ್ಷ ಮುರಿಯೋ ಬೆನ್ನು ಮುಂದಿನ ವರ್ಷದವರೆಗೂ ಕಾಯುತ್ತಾ ಮೇಷ್ಟ್ರೇ?" ಅಂದರು. "ಆಸ್ಪತ್ರೆಗಳಲ್ಲಿ ಮೂಳೆ ವಾರ್ಡೆಲ್ಲ ಖಾಲಿ ಮಾಡಿಸ್ತಿದ್ದಾರೆ. ಈಗ ತೊಡೆ ಮುರ್ಕೊಂಡೋರಿಗೆ ಮಂಚಾನೂ ಸಿಗಲ್ಲ. ಬೇರೆ ವರ್ಷ ಬಿಟ್ರೂ ಈ ವರ್ಷ ಬಿಡೋ ಹಾಗಿಲ್ಲ."

ಹಾಗಾಗಿ ಹೊಸ ದಾರಿ ಹುಡುಕಿದೆವು. ನಾವು ಹೋಗುವಂತಿಲ್ಲ, ಅವರು ಒಂದೆಡೆ ಸೇರುವಂತಿಲ್ಲ. ಆದರೆ ಆ ಊರಿನ ಆಶಾ ಕಾರ್ಯಕರ್ತೆ ದಿನವೂ ಮನೆಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸುತ್ತಿದ್ದಳು. ನನ್ನ ಶಿಷ್ಯೆ ಅವಳು. ಎಂಟನೇ ತರಗತಿಯಲ್ಲಿ ಬೀಜಗಣಿತಕ್ಕೆ ಹೆದರಿ ಕೊನೇ ಬೆಂಚಿನಲ್ಲಿ ಕೂರುತ್ತಿದ್ದವಳು, ಈಗ ನನ್ನನ್ನೇ ಹೆದರಿಸುವಂತೆ ಮಾತಾಡುತ್ತಾಳೆ. ಬಡಗಿಯೊಬ್ಬರಿಂದ ಉಕ್ಕಿನ ಟೇಪು ಕೇಳಿ ಪಡೆದು, ಹಾಲಿನ ವ್ಯಾನಿನಲ್ಲಿ ಅವಳಿಗೆ ತಲುಪಿಸಿದೆವು. ಅವಳು ಅಂಗಳದಲ್ಲಿ ನಿಲ್ಲುವುದು, ಮನೆಯವರೇ ಒಳಗೆ ಅಳೆಯುವುದು, ಅವಳು ಬರೆದುಕೊಳ್ಳುವುದು, ಟೇಪಿಗೆ ಸ್ಯಾನಿಟೈಸರ್ ಹಚ್ಚಿ ಮುಂದಿನ ಮನೆಗೆ ಒಯ್ಯುವುದು.

ಅಳೆಯುವುದು ಹೇಗೆಂದು ನಾನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕಳಿಸಿದೆ. ಹಳ್ಳಿಯ ಗೋಡೆಗಳು ಉಬ್ಬಿರುತ್ತವೆ, ಆದ್ದರಿಂದ ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿ. ತಲೆಯ ಮೇಲೆ ದಪ್ಪ ಪುಸ್ತಕವಿಟ್ಟು ಅದರ ಅಡಿಗೆ ಚೌಕಟ್ಟಿನ ಮೇಲೆ ಗುರುತು ಹಾಕಿ. ಆಮೇಲೆ ಗುರುತಿನಿಂದ ಕೆಳಕ್ಕೆ ಅಳೆಯಿರಿ. ಕಳಿಸುವ ಮೊದಲು ನನ್ನ ಹೆಂಡತಿಯನ್ನು ನಮ್ಮ ಮಲಗುವ ಕೋಣೆಯ ಬಾಗಿಲಿಗೆ ನಿಲ್ಲಿಸಿ ಪರೀಕ್ಷಿಸಿದ್ದೆ. ಸರಿಯಾಗಿ ಬಂದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿದವನ ಸಮಾಧಾನದಿಂದ ಕಳಿಸಿದೆ.

ಅಳತೆಗಳು ಬಂದವು. ಊರಿಗೆ ಊರೇ ಕುಗ್ಗಿತ್ತು.

ಎರಡು ಬೆರಳು ಇಳಿದವರು, ಮೂರು ಬೆರಳು ಇಳಿದವರು, ಒಂದು ಮನೆಯಲ್ಲಂತೂ ಗೇಣಿನ ಹತ್ತಿರ ಹತ್ತಿರ. ಹಳೆಯ ಹೆಂಚಿನ ಮನೆಗಳ ಹೆಂಗಸರು ಜಾಸ್ತಿ ಇಳಿದಿದ್ದರು, ತಾರಸಿ ಮನೆಯವರು ಕಡಿಮೆ. ಒಂದು ಮನೆಯವರು ಮಾತ್ರ ಕೂದಲಷ್ಟೂ ಇಳಿದಿರಲಿಲ್ಲ. ಅವರಿಗೆ ಎರಡು ಸೀಮೆ ಹಸುಗಳಿದ್ದವು. 'ಹಾಲು ಕುಡಿಯುತ್ತಾರೆ' ಎಂದು ಅವರ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಬರೆದೆ. ಆ ಸಾಲು ಈಗಲೂ ರಿಜಿಸ್ಟರಿನಲ್ಲಿದೆ. ಅಳಿಸಿಲ್ಲ. ಕಾರಣ ಹುಟ್ಟಿಸುವುದು ನನಗೆ ಎಷ್ಟು ಸಲೀಸು ಎಂಬುದಕ್ಕೆ ಅದು ಸಾಕ್ಷಿ.

ಸುದ್ದಿ ನಿಲ್ಲುತ್ತದೆಯೇ. ಎರಡು ದಿನದಲ್ಲಿ ಪಕ್ಕದ ಊರಿನಲ್ಲಿ, ಕೊರೊನಾ ಬಂದರೆ ಮನುಷ್ಯರು ಕುಳ್ಳಗಾಗುತ್ತಾರೆ ಎಂಬ ಮಾತು ಹಬ್ಬಿತು. ನಾವು ಅಳೆಸಿದ ಊರಿನಿಂದ ನನಗೆ ಫೋನ್ ಮಾಡಿದವರಲ್ಲಿ ಮೊದಲಿಗರು ರೇಷ್ಮೆ ಹುಳು ಸಾಕುವ ಒಬ್ಬ ಹೆಂಗಸು. ಪ್ರತಿ ವರ್ಷ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತು, 'ಬೇಗ ಅಳೀರಿ, ಸೊಪ್ಪು ಹಾಕ್ಬೇಕು' ಎಂದು ಗದರುತ್ತಿದ್ದವರು.

"ಏನ್ ಮೇಷ್ಟ್ರೇ, ಊರಿನ ಹೆಂಗಸ್ರನ್ನೆಲ್ಲ ಕುಳ್ಳೀರು ಮಾಡ್ಬಿಟ್ರಂತೆ?"

"ಪರಿಶೀಲಿಸ್ತಾ ಇದ್ದೀವಿ."

"ಅದೇನ್ ಪರಿಶೀಲ್ಸ್ತೀರಪ್ಪಾ. ನನ್ ಸೀರೆ ನೆಲ ಗುಡಿಸ್ತಿಲ್ಲ, ರವಿಕೆ ದೊಗಳೆ ಆಗಿಲ್ಲ. ನಿಮ್ ಟೇಪಿಗೇ ಕೊರೊನಾ ಬಂದಿರ್ಬೇಕು, ನೋಡಿ."

ನಾನು ಪಟ್ಟಿಯನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರು ಕೆಲವು ಅಂಕಿಗಳನ್ನು ಎರಡೆರಡು ಸಲ ಓದಿಸಿದರು. "ಇಷ್ಟು ಜನಕ್ಕೆ ಒಂದೇ ವರ್ಷ ಬೆನ್ನು ಮುರಿಯಲ್ಲ. ಅಳತೆ ಎಲ್ಲೋ ತಪ್ಪಿದೆ. ಇವರ ನಡುವೆ ನಿಜವಾಗಿ ಇಳಿದೋರು ಯಾರೋ ಇದ್ದೇ ಇರ್ತಾರೆ ಮೇಷ್ಟ್ರೇ. ಈ ಗದ್ದಲದಲ್ಲಿ ಅವರು ಮುಚ್ಚಿಹೋಗ್ತಾರೆ. ತಪ್ಪು ಹುಡುಕಿ" ಅಂದರು.

ಟೇಪಿನದೇ ದೋಷವೆಂದು ಮೊದಲು ನಂಬಿದೆ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಟೇಪಿನಿಂದ ಶಾಲೆಯ ಸ್ಕೇಲನ್ನು ಅಳೆಸಿದೆ. ಸರಿಯಿತ್ತು. ಸ್ಯಾನಿಟೈಸರಿಗೆ ಅದರ ಮೇಲಿನ ಅಂಕಿಗಳು ಮಾಸತೊಡಗಿದ್ದವು, ಅಷ್ಟೇ. ನಾಲ್ಕು ದಿನ ರಿಜಿಸ್ಟರನ್ನು ಕೆಳಗಿನಿಂದ ಮೇಲಕ್ಕೆ, ವಯಸ್ಸಿನ ಪ್ರಕಾರ, ಬೀದಿಯ ಪ್ರಕಾರ ಬರೆದೆ. ಯಾವುದೋ ಒಂದು ಬೆಳಿಗ್ಗೆ, ಬೇರೆ ಏನೂ ತೋಚದೆ, ಮನೆಯ ಪ್ರಕಾರ ಬರೆದೆ. ಒಂದೇ ಮನೆಯ ಇಬ್ಬರು ಓರಗಿತ್ತಿಯರು ಅಕ್ಕಪಕ್ಕ ಬಂದರು. ಒಬ್ಬರು ಉದ್ದ, ಒಬ್ಬರು ಗಿಡ್ಡ, ವಯಸ್ಸಿನಲ್ಲಿ ಬಹಳ ಅಂತರ. ಇಬ್ಬರೂ ಇಳಿದದ್ದು ಸರಿಯಾಗಿ ಒಂದೇ ಅಳತೆ. ಇನ್ನೊಂದು ಮನೆಯ ಅತ್ತೆ ಸೊಸೆಯರೂ ಹಾಗೇ. ಮನುಷ್ಯರು ಹೀಗೆ ಕುಗ್ಗುವುದಿಲ್ಲ. ಕುಗ್ಗಿದ್ದು ಮನೆಗಳು.

ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. "ಗುರುತಿನಿಂದ ಕೆಳಗೆ ಎಲ್ಲಿವರೆಗೆ ಅಳೆದ್ರಮ್ಮ?"

"ಹೊಸಿಲವರೆಗೆ."

"ನೆಲದವರೆಗೆ ಅಲ್ವಾ?"

"ಚೌಕಟ್ಟು ಹೊಸಿಲಿಗೇ ಮುಗಿಯುತ್ತಲ್ಲ ಸಾರ್."

"ನಿಂತದ್ದು ಎಲ್ಲಿ? ಹೊಸಿಲ ಮೇಲಾ?"

"ಹೊಸಿಲ ಮೇಲೆ ಯಾರ್ ಸಾರ್ ನಿಲ್ತಾರೆ? ಒಳಗೆ ನೆಲದ ಮೇಲೆ ನಿಂತ್ರು. ಅರಿಶಿನ ಬಳಿದು ಕುಂಕುಮ ಇಟ್ಟಿರ್ತಾರೆ, ಅದರ ಮೇಲೆ ಟೇಪ್ ಎಳೆಯೋಕಾಗುತ್ತಾ? ಟೇಪನ್ನ ಹೊಸಿಲ ತನಕ ತಂದು ನಿಲ್ಲಿಸಿದ್ರು. ಯಾಕೆ, ನಿಮ್ಮನೇಲಿ ಹೊಸಿಲಿಲ್ವಾ?"

ನಮ್ಮ ಮಲಗುವ ಕೋಣೆಗೆ ಹೊಸಿಲಿಲ್ಲ. ಬಾಡಿಗೆಯ ಮೊದಲ ಮಹಡಿ, ಚೌಕಟ್ಟು ನೇರವಾಗಿ ಟೈಲ್ಸಿಗೆ ಇಳಿದಿದೆ. ಹಳ್ಳಿಯಲ್ಲಿ ಹುಟ್ಟಿ, ಹೊಸಿಲು ತುಳಿದದ್ದಕ್ಕೆ ಅಜ್ಜಿಯ ಕೈಯಲ್ಲಿ ಏಟು ತಿಂದವನು ನಾನು. ಏಟು ನೆನಪಿತ್ತು. ಹೊಸಿಲಿಗೆ ಎತ್ತರವೂ ಇರುತ್ತದೆ ಎಂಬುದು ನೆನಪಿರಲಿಲ್ಲ. ಪ್ರತಿ ಮನೆಯಲ್ಲೂ ಆ ಹೊಸಿಲಿನಷ್ಟು ಎತ್ತರ ಲೆಕ್ಕದಿಂದ ಬಿಟ್ಟುಹೋಗಿತ್ತು.

"ಅಂದ್ರೆ ಅಷ್ಟು ಜನಾನ ಮತ್ತೆ ಅಳೀಬೇಕಾ ಸಾರ್?" ಎಂದು ಕೇಳಿದಳು. ಅವಳಿಗೆ ಆ ವಾರ ಕಣ್ಣು ಬಿಡಲು ಪುರುಸೊತ್ತಿರಲಿಲ್ಲ. ನಾನು ಉತ್ತರ ಹೇಳುವ ಮೊದಲೇ ಅವಳೇ ಅಂದಳು: "ಬ್ಯಾಡ ಬಿಡಿ. ಜನಾನ್ ಯಾಕೆ ಅಳೀಬೇಕು, ಹೊಸಿಲು ಅಳೆದ್ರೆ ಸಾಕಲ್ವಾ? ಕೂಡಿಸ್ಕೊಳ್ಳಿ." ಕೊನೇ ಬೆಂಚಿನಿಂದ ಬಂದ ಆ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಡಬೇಕಾಗಿತ್ತು, ಕೊಟ್ಟೆ.

ಮಾರನೆಯ ದಿನದಿಂದ ನನ್ನ ಫೋನಿಗೆ ಹೊಸಿಲುಗಳು ಬರತೊಡಗಿದವು. ನಾವು ಕೇಳಿದ್ದು ಬರೀ ಅಳತೆ, ಪಕ್ಕದಲ್ಲಿ ಸ್ಕೇಲೋ ಟೇಪೋ ನಿಲ್ಲಿಸಿ ಒಂದು ಫೋಟೊ. ಆದರೆ ಸಂಘದವರು ನೋಡುತ್ತಾರೆಂದು ಪ್ರತಿಯೊಬ್ಬರೂ ಹೊಸಿಲು ತೊಳೆದು, ಅರಿಶಿನ ಬಳಿದು, ಎಳೆ ರಂಗೋಲಿ ಬಿಟ್ಟು, ಹೂವಿಟ್ಟು ಆಮೇಲೆ ಫೋಟೊ ತೆಗೆದಿದ್ದರು. ಹಲಸಿನ ಮರದ ಎತ್ತರದ ಹೊಸಿಲುಗಳು, ಒಂದಂತೂ ಗೇಣಿನ ಹತ್ತಿರ. ಲಾಳ ಹೊಡೆದ ಹೊಸಿಲುಗಳು. ನಡುವೆ ಸವೆದು ತೊಟ್ಟಿಲಿನಂತಾದದ್ದು ಒಂದು. ಗ್ರಾನೈಟಿನ ಎರಡು ಬೆರಳಿನ ಪಟ್ಟಿಗಳು. ಸೀಮೆ ಹಸುಗಳ ಮನೆಯದು ಹೊಸ ಮನೆ, ಟೈಲ್ಸು, ಹೊಸಿಲಿನ ಜಾಗದಲ್ಲಿ ಬಣ್ಣದ ಸ್ಟಿಕರ್. ಅವರ ಎತ್ತರದ ಗುಟ್ಟು ಹಾಲಲ್ಲ, ಸ್ಟಿಕರ್.

ಡಾಕ್ಟರಮ್ಮ ತಮ್ಮ ಬಳಿಯ ನಕಲು ನೋಡಿ ಫೋನಿನಲ್ಲಿ ಹಳೆಯ ಅಳತೆ ಓದುತ್ತ ಹೋದರು. ನಾನು ಈ ವರ್ಷದ್ದಕ್ಕೆ ಹೊಸಿಲು ಕೂಡಿಸಿ ಹೇಳುತ್ತ ಹೋದೆ. ಓರಗಿತ್ತಿಯರು ಎದ್ದು ನಿಂತರು. ಅತ್ತೆ ಸೊಸೆಯರು ಎದ್ದು ನಿಂತರು. ಒಂದೊಂದೇ ಮನೆ, ಒಂದೊಂದೇ ಬೀದಿ, ನನ್ನ ಪೆನ್ಸಿಲಿನಡಿ ಇಡೀ ಊರು ತನ್ನ ಎತ್ತರಕ್ಕೆ ವಾಪಸು ಬಂತು. ಮಗ್ಗಿ ಒಪ್ಪಿಸುವ ಮಕ್ಕಳಂತೆ ನಾವಿಬ್ಬರೂ ದನಿ ಏರಿಸಿದ್ದೆವು. ಪಕ್ಕದ ಕೋಣೆಯಿಂದ ನನ್ನ ಹೆಂಡತಿ, "ಮ್ಯಾಚ್ ನೋಡ್ತಿದ್ದೀರಾ?" ಎಂದು ಕೇಳಿದಳು.

ಒಬ್ಬರು ಮಾತ್ರ ಬರಲಿಲ್ಲ. ಹೊಸಿಲು ಕೂಡಿಸಿದ ಮೇಲೂ ಅವರು ಹೋದ ವರ್ಷಕ್ಕಿಂತ ಎರಡು ಬೆರಳಷ್ಟು ಕೆಳಗಿದ್ದರು. ಆಶಾ ಕಾರ್ಯಕರ್ತೆ ಮರುದಿನ ಬೆಳಿಗ್ಗೆ ಹೋಗಿ, ಈ ಸಲ ನೆಲದಿಂದಲೇ, ಎರಡು ಸಲ ಅಳೆಸಿದಳು. ಬದಲಾಗಲಿಲ್ಲ. ಅವರು, ಟೇಪಿಗೆ ಕೊರೊನಾ ಬಂದಿದೆ ಎಂದಿದ್ದ ರೇಷ್ಮೆಯ ಹೆಂಗಸು.

"ಎಕ್ಸ್‌ರೇ ತೆಗೆಸ್ಬೇಕಮ್ಮ" ಅಂದೆ ಫೋನಿನಲ್ಲಿ.

"ಮೊನ್ನೆ ಊರೆಲ್ಲ ಕುಳ್ಳಿ ಅಂದ್ರಿ. ಆಮೇಲೆ ಯಾರೂ ಕುಳ್ಳಿ ಅಲ್ಲ ಅಂದ್ರಿ. ಈಗ ನಾನೊಬ್ಳೇ ಕುಳ್ಳೀನಾ?"

"ನಮ್ಮಿಂದ ತಪ್ಪಾಗಿತ್ತು. ಇದು ತಪ್ಪಲ್ಲ. ಬೆನ್ನು ನೋವಿದ್ಯಾ?"

"ಬೆನ್ನು ಇದ್ಮೇಲೆ ನೋವ್ತದೆ. ಮೂಳೆ ನೋಡಕ್ ಹೋಗಿ ಕೊರೊನಾ ಹೊತ್ಕೊಂಡ್ ಬರ್ಲಾ? ಮನೇಲಿ ಹುಳ ಐತೆ ಮೇಷ್ಟ್ರೇ, ಒಂದ್ ಹೊತ್ತು ಸೊಪ್ಪು ತಪ್ಪಂಗಿಲ್ಲ. ಆಗಲ್ಲ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಅವರಿಗೆ ನಮ್ಮನ್ನು ನಂಬಲು ಕಾರಣವೇನಿತ್ತು? ಒಂದೇ ವಾರದಲ್ಲಿ ಒಂದು ಊರನ್ನು ಕುಗ್ಗಿಸಿ ಮತ್ತೆ ಎತ್ತಿದ್ದೆವು. ಆದರೆ ಅವರು ದಿನವೂ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ತೋಟದಿಂದ ಬರುತ್ತಿದ್ದರು. ನಿಜವಾಗಿ ಮೂಳೆ ಒತ್ತಿದ್ದರೆ ಒಂದೊಂದು ಹೊರೆಯೂ ಇನ್ನೊಂದು ಮೂಳೆಯನ್ನು ಒತ್ತುತ್ತದೆ. ಡಾಕ್ಟರಮ್ಮನೂ ಮಾತಾಡಿ ನೋಡಿದರು. ಅವರಿಗೂ ಅದೇ ಉತ್ತರ: ಹುಳ ಐತೆ.

ದಾರಿ ತೋರಿಸಿದವಳು ಮತ್ತೆ ಆಶಾ ಕಾರ್ಯಕರ್ತೆಯೇ. "ಆಯಮ್ಮನ್ ಹುಳ ಇನ್ ಮೂರು ದಿನಕ್ಕೆ ನಾಲ್ಕನೇ ಜ್ವರಕ್ಕೆ ಕೂತ್ಕೋತಾವೆ ಸಾರ್. ಅವತ್ತು ಕೇಳಿ." ಹುಳು ಪೊರೆ ಬಿಡುವುದನ್ನು ರೇಷ್ಮೆಯವರು ಜ್ವರ ಎನ್ನುತ್ತಾರೆ. ಆಗ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಸುಮಾರು ಒಂದು ದಿನ ಏನೂ ತಿನ್ನುವುದಿಲ್ಲ, ಸೊಪ್ಪು ಹಾಕಲೂಬಾರದು. ಇಡೀ ಬೆಳೆಯಲ್ಲಿ ಸಾಕುವವರಿಗೆ ಪುರುಸೊತ್ತು ಸಿಗುವುದು ಅಂಥ ದಿನಗಳಲ್ಲೇ.

ಡಾಕ್ಟರಮ್ಮ ಆ ದಿನದ ಓಡಾಟಕ್ಕೆ ಪಾಸು ಮಾಡಿಸಿಕೊಂಡರು. ದೊಡ್ಡಬಳ್ಳಾಪುರದಲ್ಲಿ ಪರಿಚಯದವರೊಬ್ಬರ ಎಕ್ಸ್‌ರೇ ಕೇಂದ್ರವನ್ನು ಬೆಳಿಗ್ಗೆ ಬೇರೆ ಯಾರೂ ಬರುವ ಮೊದಲು ತೆರೆಸಿದರು. ತಾವೇ ಕಾರು ಓಡಿಸಿಕೊಂಡು ಹೋಗಿ ಆ ಮನೆಯ ಮುಂದೆ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದ ಕೇಳಿದರು: "ಹುಳ ಜ್ವರಕ್ಕೆ ಕೂತ್ವಾ?"

"ಕೂತವೆ."

"ಹಾಗಾದ್ರೆ ನೀನು ಎದ್ದು ಬಾ."

ಇದನ್ನು ನಾನು ನೋಡಿಲ್ಲ, ಡಾಕ್ಟರಮ್ಮ ಹೇಳಿದ್ದು. ಅವರೂ ಸ್ವಲ್ಪ ಚೆನ್ನಾಗಿಸಿ ಹೇಳಿರಬಹುದು. ಆ ಹೆಂಗಸು ಬಂದದ್ದು ಮಾತ್ರ ಖಚಿತ, ಹಿಂದಿನ ಸೀಟಿನಲ್ಲಿ, ಎರಡು ಮಾಸ್ಕು ಹಾಕಿಕೊಂಡು, ನಾಲ್ಕೂ ಕಿಟಕಿ ತೆರೆದು.

ನಾನು ಎಕ್ಸ್‌ರೇ ಕೇಂದ್ರದ ಹೊರಗಿನ ಬೇವಿನ ಮರದಡಿ ನಿಂತಿದ್ದೆ. ಡಾಕ್ಟರಮ್ಮ ಫಿಲ್ಮನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಬೆನ್ನಿನ ಮೂಳೆಗಳ ಸಾಲಿನಲ್ಲಿ ಒಂದು, ಮುಂಭಾಗ ಒತ್ತಿಕೊಂಡು ಬಡಗಿಯ ಬೆಣೆಯಂತಾಗಿತ್ತು. ಅದರ ಕೆಳಗಿನದು ಹಾಗಾಗಲು ಶುರುವಾಗಿತ್ತು.

"ಇದು ಯಾವಾಗ ಮುರೀತು?" ಎಂದು ಆ ಹೆಂಗಸು ಕೇಳಿದರು.

"ಹೋದ ವರ್ಷದ ಯುಗಾದಿಯಿಂದ ಈಚೆಗೆ ಯಾವತ್ತೋ" ಎಂದರು ಡಾಕ್ಟರಮ್ಮ.

"ನಂಗೇ ಹೇಳ್ದಂಗೆ ಮುರ್ಕೊಂಡೈತಾ. ಕಳ್ ಮೂಳೆ." ಫಿಲ್ಮನ್ನು ತಾವೇ ಕೈಗೆ ತೆಗೆದುಕೊಂಡು, ಕೆಳಗಿನ ಮೂಳೆಯ ಮೇಲೆ ಬೆರಳಿಟ್ಟರು. "ಇದು ಇನ್ನೂ ಪೂರ್ತಿ ಹೋಗಿಲ್ಲ ತಾನೆ?"

"ಇಲ್ಲ. ಅದನ್ನ ಉಳಿಸೋಕೇ ನಿನ್ನ ಕರ್ಕೊಂಡು ಬಂದಿದ್ದು."

ಆಮೇಲೆ ಅಲ್ಲೇ ಚೌಕಾಸಿ ನಡೆಯಿತು. ಇಂಜೆಕ್ಷನ್ ಸರಿ, ಮಾತ್ರೆ ಸರಿ. ಸೊಪ್ಪಿನ ಹೊರೆ ಹೊರಬಾರದು ಎಂದಾಗ ಅವರು ಒಪ್ಪಲಿಲ್ಲ. ಅರ್ಧ ಹೊರೆ ಅಂದರು. ಕಾಲು ಅಂದರು. ಡಾಕ್ಟರಮ್ಮ ಒಂದು ಎಲೆಯೂ ಬೇಡ ಎಂದರು. ಕೊನೆಗೆ ಹೊರೆಗಳನ್ನು ಅವರ ಗಂಡ ಸೈಕಲ್ಲಿನ ಮೇಲೆ ತರುವುದು, ಇವರು ಎಲೆ ಹಾಕುವುದು ಮತ್ತು ಬಯ್ಯುವುದು ಎಂದು ತೀರ್ಮಾನವಾಯಿತು. "ಬಯ್ಯಕ್ಕೆ ಬೆನ್ನು ಬ್ಯಾಡ" ಎಂದು ಡಾಕ್ಟರಮ್ಮ ಅವರದೇ ದನಿಯಲ್ಲಿ ಹೇಳಿದರು. ಮೂವರೂ ನಕ್ಕೆವು. ಈ ನಗು ನನಗೆ ಖಚಿತವಾಗಿ ನೆನಪಿದೆ, ಮಾಸ್ಕಿನೊಳಗೆ ನಕ್ಕು ನನ್ನ ಕನ್ನಡಕ ಮಂಜಾಗಿತ್ತು.

ಮರುವರ್ಷವೂ ಯುಗಾದಿಯ ಹೊತ್ತಿಗೆ ಮತ್ತೆ ಬಾಗಿಲುಗಳು ಮುಚ್ಚುವಂತಾಯಿತು. ನಾವು ಹೆದರಲಿಲ್ಲ. ಊರಿನಲ್ಲಿ ಈಗ ಮನೆಗೊಬ್ಬರಂತೆ ಅಳೆಯುವವರು ತಯಾರಾಗಿದ್ದರು, ನೆಲದಿಂದ, ಬೆಳಿಗ್ಗೆ, ತುರುಬು ಬಿಚ್ಚಿ. ಇಬ್ಬರು ಓರಗಿತ್ತಿಯರಂತೂ ನನ್ನ ಧ್ವನಿಮುದ್ರಣ ಕೇಳಿ, "ಇದ್ರಲ್ಲಿ ಮೇಷ್ಟ್ರು ಹೊಸಿಲು ಬಿಟ್ಟವ್ರೆ" ಎಂದು ತಾವೇ ಹೊಸದೊಂದನ್ನು ಮುದ್ರಿಸಿದರು. ಅದು ನನ್ನದಕ್ಕಿಂತ ಚಿಕ್ಕದು, ಚೊಕ್ಕದು. ಚನ್ನರಾಯಪಟ್ಟಣದ ಕಡೆಯ ಒಂದು ಊರಿನವರು ಕೇಳಿದಾಗ ಕಳಿಸಿದ್ದು ಅದನ್ನೇ. ವಾರ್ಷಿಕ ಸಭೆಯನ್ನು ಫೋನಿನಲ್ಲಿ ನಡೆಸಿದೆವು. ಆಶಾ ಕಾರ್ಯಕರ್ತೆಯನ್ನು ಆರನೇ ಸದಸ್ಯೆಯಾಗಿ ಸೇರಿಸಿಕೊಂಡೆವು. ಮಂಡಕ್ಕಿಯ ಮೂವರೂ ಆ ಸಲ ಮಾತಾಡಿದರು. ಸಂಘಕ್ಕೆ ಇಷ್ಟು ಜೀವ ಮೊದಲು ಯಾವತ್ತೂ ಇರಲಿಲ್ಲ.

ಅದರ ಮುಂದಿನ ವರ್ಷ ನಾವೇ ಹೋದೆವು. ಶಾಲೆಯ ಜಗುಲಿ, ಕೋಲು, ಸಾಲು. ರೇಷ್ಮೆಯ ಹೆಂಗಸು ಎಲ್ಲರಿಗಿಂತ ಮೊದಲು ಬಂದು ನಿಂತರು. ಡಾಕ್ಟರಮ್ಮ ಕೋಲಿನ ಪಟ್ಟಿಯನ್ನು ತಲೆಗಿಳಿಸಿ ಅಂಕಿ ಹೇಳಿದರು. ನಾನು ಹಿಂದಿನ ಎರಡು ಸಾಲು ನೋಡಿದೆ, ಮತ್ತೆ ಓದಿ ಎಂದೆ. ಮತ್ತೆ ಅದೇ ಅಂಕಿ. ಎರಡು ವರ್ಷದಲ್ಲಿ ಅವರು ಒಂದು ಕೂದಲೂ ಇಳಿದಿರಲಿಲ್ಲ. ಕುಸಿಯಲು ಶುರುವಾಗಿದ್ದ ಆ ಎರಡನೇ ಮೂಳೆ ಅಲ್ಲಿಗೇ ನಿಂತಿತ್ತು.

"ಏನ್ ಗುಸುಗುಸು? ಇಳಿದಿದ್ದೀನಾ?"

"ಇಲ್ಲಮ್ಮ."

"ಗೊತ್ತಿತ್ತು ಬಿಡಿ" ಎಂದು ತುರುಬು ಕಟ್ಟಿಕೊಂಡು, ಕೈಯಲ್ಲಿ ಚಪ್ಪಲಿ ಹಿಡಿದು ಮೆಟ್ಟಿಲಿಳಿದರು. ಸೊಪ್ಪು ಹಾಕುವ ಹೊತ್ತಾಗಿತ್ತು.

ಅವರು ನೆಟ್ಟಗೆ ನಡೆದುಹೋದರು ಎಂದು ಬರೆಯಲು ಕೈ ತುರಿಸುತ್ತಿದೆ. ನೆಟ್ಟಗೆ ನಡೆಯಲಿಲ್ಲ. ಸ್ವಲ್ಪ ಬಾಗಿಯೇ ನಡೆದರು. ಆದರೆ ಎರಡು ವರ್ಷದ ಹಿಂದೆ ಎಷ್ಟು ಬಾಗಿದ್ದರೋ ಅಷ್ಟೇ, ಅದಕ್ಕಿಂತ ಒಂದೆಳೆಯೂ ಹೆಚ್ಚಿಲ್ಲ. ಡಾಕ್ಟರಮ್ಮ ಸಾಲಿನಲ್ಲಿದ್ದ ಮುಂದಿನವರನ್ನು ಕರೆಯುವುದನ್ನೂ ಮರೆತು, ಅವರು ಬೀದಿಯ ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದರು.